ನಿನ್ನ ಕೈಯೋ, ಕಲ್ಲೋ

ಧಾರವಾಡ
ಏಪ್ರಿಲ್, ರವಿವಾರ

ಚಿ. ಸೊಸಿಗೆ ಆಶೀರ್ವಾದ.

ಮನಿ ಸುದ್ದಿ ನಿಮ್ಮವ್ವ ಫೋನಿನ್ಯಾಗ ಹೇಳಿರತಾಳ, ಅದನ್ನ ಬಿಡತೀನಿ. ನಿನ್ನ ಪತ್ರದ ಎರಡನೇ ಪುಟದ ತಳದಾಗ ಸಣ್ಣಕ್ಷರದಾಗ ಒಂದು ಸಾಲು ಬರದೀದಿ: "ಒಂದೇ ಕಲ್ಲು, ನಾಲ್ಕು ಸಲ ಅಳದ್ರ ನಾಲ್ಕು ಅಂಕಿ. ನನ್ನ ಕೈಗೆ ಈ ಕೆಲಸ ಒಗ್ಗೂದಿಲ್ಲೇನೋ." ಉಳಿದದ್ದೆಲ್ಲಾ ಓದಿ ಪಕ್ಕಕ್ಕಿಟ್ಟೆ, ಈ ಸಾಲು ಮಾತ್ರ ರಾತ್ರಿ ನಿದ್ದಿ ಕೊಡಲಿಲ್ಲ.

ನಿನ್ನ ಮರಳುಗಲ್ಲಿನ ತುಂಡಿನೊಳಗಿಂದ ಗಾಳಿ-ನೀರು ಎಷ್ಟು ಸಲೀಸಾಗಿ ಹಾಯತಾವ ಅನ್ನೂ ಅಂಕಿ, ಮಿಲಿಡಾರ್ಸಿ ಲೆಕ್ಕದಾಗ ನೀ ಅಳದದ್ದು, ಮತ್ತ ನೋಡಿದೆ. ನೈಟ್ರೋಜನ್‌ಗೆ 42 ಮಿಲಿಡಾರ್ಸಿ, ಉಪ್ಪುನೀರಿಗೆ 31, ಡಿಸ್ಟಿಲ್ಡ್ ನೀರಿಗೆ 19, ಮರುದಿನ ಅದೇ ನೀರಿಗೆ 12. ಕೈ ಕೆಟ್ಟಿದ್ದರ ಅಂಕಿ ಮ್ಯಾಲ-ಕೆಳಗ ಜಿಗೀತಿದ್ದವು. ನಿನ್ನವು ಒಂದೇ ಬಾಜೂಕ್ಕ ಇಳಕೋತ ಹೋಗ್ಯಾವ. ಹಿಂಗ ಇಳಿದಾಗ ಮೊದಲು ಕಲ್ಲಿನ ಮ್ಯಾಲ ಗುಮಾನಿ ಪಡಬೇಕು, ಆಮ್ಯಾಲ ನೀರಿನ ಮ್ಯಾಲ. ಕೈ ಮೂರನೇದು.

42ರ ಮಾತು ಸಣ್ಣದು. ಸಣ್ಣ ರಂಧ್ರದ ಗೋಡಿ ಹತ್ರ ನೀರು ನಿಂತಂಗ ಗಾಳಿ ನಿಲ್ಲೂದಿಲ್ಲ, ಜಾರತೈತಿ. ಕ್ಲಿಂಕನ್‌ಬರ್ಗ್ ಇದನ್ನ 1941ರಾಗ ಬರದಾನ. ನೀ ಗಾಳಿ ಹೊರಬೀಳೂ ತುದಿ, ಅಂದ್ರ ಹೊರಬಾಯಿ, ಬಯಲಿಗೆ ಬಿಟ್ಟು, ಸರಾಸರಿ ಒತ್ತಡ 1.1 ಅಟ್ಮಾಸ್ಫಿಯರ್ ಇಟ್ಟು ಅಳದೀದಿ. ಇಂಥಾ ಕಲ್ಲಿಗೆ ಅಷ್ಟು ಕಡಿಮಿ ಒತ್ತಡದಾಗ ನೂರಕ್ಕ ಹದಿನೈದು-ಹದಿನೇಳು ಹೆಚ್ಚು ತೋರಸೂದು ಸಹಜ, ಅಂದ್ರ ನಿನ್ನ 42 ಖರೇ ಅಂದ್ರ 36ರ ಆಜೂಬಾಜೂ. ನಾಲ್ಕು ಬ್ಯಾರೆ ಬ್ಯಾರೆ ಒತ್ತಡದಾಗ ಅಳಿ, ಒತ್ತಡದ ವಿಲೋಮಕ್ಕ ಎದುರಾಗಿ ಗ್ರಾಫ್ ಹಾಕು, ಗೆರಿ ಸೊನ್ನಿ ತನಕ ಎಳಿ. ಅಲ್ಲಿ ಸಿಗೂದು ನೀರಿನ ಅಂಕಿಗೆ ಹೋಲಿಸಬಹುದಾದ ಅಂಕಿ.

36ರಿಂದ 31ಕ್ಕ ಇಳಿದದ್ದರ ಸುಳಿವು ನೀನೇ ಕೊಟ್ಟೀದಿ, ನಿನಗ ಗೊತ್ತಾಗಿಲ್ಲ ಅಷ್ಟ. ತುಂಡಿನ ವ್ಯಾಸ 38 ಮಿಲಿಮೀಟರ್, ಉದ್ದ 50, ಹೀಲಿಯಂ ತುಂಬಿ ಅಳದ ಲೆಕ್ಕದಾಗ ರಂಧ್ರ ನೂರಕ್ಕ 18. ಒಟ್ಟು ಗಾತ್ರ 56.7 ಘನ ಸೆಂಟಿಮೀಟರ್, ಅದರಾಗ ರಂಧ್ರ 10.2. ಒಣ ತೂಕ 123.2 ಗ್ರಾಂ, ಉಪ್ಪುನೀರು ಕುಡಿದ ಮ್ಯಾಲ 132.9. ಒಳಗ ಹೋದದ್ದು 9.7 ಗ್ರಾಂ. ನೂರಕ್ಕ 3ರ ಪೊಟ್ಯಾಶಿಯಂ ಕ್ಲೋರೈಡ್ ನೀರಿನ ಸಾಂದ್ರತೆ 1.017 ಹಿಡಿದ್ರ 9.5 ಘನ ಸೆಂಟಿಮೀಟರ್ ಆತು. ಉಳಿದ 0.7ರಾಗ ಗಾಳಿ ಕುಂತೈತಿ, ಒಂದು ಶೇಂಗಾ ಕಾಳಿನಷ್ಟು. ಆ ಗುಳ್ಳಿ ದಾರಿ ಕಟ್ಟಿರತಾವ. ನೀ ಕಲ್ಲನ್ನ ನೀರಾಗ ಇಟ್ಟು ವ್ಯಾಕ್ಯೂಮ್ ಹಚ್ಚೀದಿ ಅನಸತೈತಿ. ತಪ್ಪು ಅನ್ನೂದಿಲ್ಲ, ಭಾಳ ಮಂದಿ ಹಂಗ ಮಾಡತಾರ. ಆದ್ರ ಒಣ ಕಲ್ಲಿಗೆ ಮೊದಲು ವ್ಯಾಕ್ಯೂಮ್ ಹಚ್ಚಿ ಕೆಲವು ತಾಸು ಬಿಟ್ಟು, ಆಮ್ಯಾಲ ಗಾಳಿ ತಗದ ಉಪ್ಪುನೀರು ಒಳಗ ಬಿಡೂದು ಚಲೋ. ಹರಿಸುವಾಗ ಹೊರಬಾಯಿಗೆ ನಾಕಾರು ಅಟ್ಮಾಸ್ಫಿಯರ್ ಹಿಂದೊತ್ತಡ, ಅಂದ್ರ ಹರಿವಿಗೆ ಎದುರಾದ ಒತ್ತಡ, ಕೊಟ್ರ ಉಳಿದ ಗುಳ್ಳಿ ನೀರಾಗ ಕರಗತಾವ.

ಖರೇ ಇಳಿತ 31ರಿಂದ 19, 19ರಿಂದ 12. ನಿನ್ನ ಕೈ ಅಂತ ನೀ ಅಂದದ್ದೂ ಇಲ್ಲೇ ಅಲ್ಲೇನು?

ನವಲಗುಂದದ ಎರಿ ಹೊಲ ನೋಡೀದಿ. ಬ್ಯಾಸಗ್ಯಾಗ ಕಾಲು ಸಿಗುವಂಗ ಬಾಯಿ ಬಿಟ್ಟ ಬಿರುಕು, ನಾಲ್ಕು ಮಳಿಗೆ ಮಾಯ. ಎರಿ ಮಣ್ಣು ಉಬ್ಬೂದು ಸ್ಮೆಕ್ಟೈಟ್ ಅನ್ನೂ ಜೇಡಿಯಿಂದ. ಅದೇ ಜೇಡಿ ನಿನ್ನ ಮರಳುಗಲ್ಲಿನ ಕಾಳುಗಳ ನಡುವ ಚೂರು ಇದ್ದರ ಸಾಕು. ಪೊಟ್ಯಾಶಿಯಂ ಇರುವ ತನಕ ಪದರು ಬಿಗಿಯಾಗಿ ಕೂತಿರತಾವ, ಉಪ್ಪಿಲ್ಲದ ನೀರು ಬಂದದ್ದೇ ತಡ ಉಬ್ಬತಾವ. ಕೆಯೋಲಿನೈಟ್ ಇದ್ದರ ಇನ್ನೊಂದು ತರ: ಅದು ಉಬ್ಬೂದಿಲ್ಲ, ಕಾಳಿನಿಂದ ಬಿಟ್ಟುಕೊಂಡು ತೇಲಿ ಹೋಗಿ, ರಂಧ್ರದ ಕುತ್ತಿಗಿಯೊಳಗ ಅಡ್ಡ ಬೀಳತೈತಿ. ಎರಡನ್ನ ಬ್ಯಾರೆ ಮಾಡೂದು ಹಿಂಗ. ತುಂಡನ್ನ ಹೋಲ್ಡರ್‌ನಿಂದ ತಗೀಬ್ಯಾಡ, ಹರಿವಿನ ದಿಕ್ಕು ಅಷ್ಟ ತಿರುವು. ಅಂಕಿ ಒಮ್ಮೆ ಏರಿ ಮತ್ತ ಇಳಿದ್ರ ತೇಲೂ ಚೂರು, ಏರದಿದ್ರ ಉಬ್ಬು. ಎಕ್ಸ್‌ರೇ ಡಿಫ್ರಾಕ್ಷನ್‌ಗೆ ಅದೇ ಕಲ್ಲಿನ ಚೂರು ಕಳಿಸಿದ್ರ ಯಾವ ಜೇಡಿ ಅಂತ ಹೆಸರೂ ಸಿಗತೈತಿ. ಈ ತುಂಡು ಇನ್ನ 31ಕ್ಕ ಪೂರ್ತಿ ಮರಳೂದು ಅಪರೂಪ, ಹೊಸ ತುಂಡಿಗೆ ಉಪ್ಪುನೀರಿಂದಲೇ ಶುರು ಮಾಡು.

ಈ ಅಳತಿಗೆ ಹೆಸರು ಕೊಟ್ಟ ಡಾರ್ಸಿ 1856ರಾಗ ಫ್ರಾನ್ಸಿನ ಡಿಜಾನ್ ಊರಿನ್ಯಾಗ ಕೊಟ್ಟ ಹರಿವಿನ ಸೂತ್ರ ಮರಳಿನ ಕಂಬದ ಮ್ಯಾಲ ಅಳದದ್ದು. ನೀರು ಕಲ್ಲಿಗೆ ಏನೂ ಮಾಡೂದಿಲ್ಲ ಅಂತ ಅದು ನಂಬಿಕೊಂಡೈತಿ. ನಿನ್ನ ಕಲ್ಲಿಗೆ ಆ ನಂಬಿಕಿ ಮುರದೈತಿ, ನಿನ್ನ ಕೈ ಅಲ್ಲ.

ಒಂದು ಮಾತು ಹೇಳಲೋ ಬ್ಯಾಡೋ ಅಂತಿದ್ದೆ. ಇಂಥಾವೇ ಅಂಕಿ ನನ್ನ ಮುಂದ ಬಂದಾಗ ಸರಾಸರಿ ತಗದು ಬರದು ಸಹಿ ಹಾಕಿದಾವ ನಾನು. ಅದೇ ಹೆದರಿಕಿ, ಕೈ ಬಗ್ಗೆ. ನಿನ್ನ ನಾಲ್ಕರ ಸರಾಸರಿ 26. ಆ ಕಲ್ಲು ಒಂದು ದಿನಾನೂ 26 ಇರಲಿಲ್ಲ. ಈಗ ಆ ರಿಪೋರ್ಟ್ ಎಲ್ಲೈತೋ, ಯಾರು ಅದನ್ನ ನಂಬ್ಯಾರೋ.

ನಿನ್ನ ಕೈಯ ತಪ್ಪು ಅನ್ನೂದು ಏನೂ ಇಲ್ಲಂತಲ್ಲ. ನೀರಿನ ಸ್ನಿಗ್ಧತೆ, ಅಂದ್ರ ಹರಿಯೂದಕ್ಕ ಅದು ಒಡ್ಡೂ ತಡಿ, 1.00 ಸೆಂಟಿಪಾಯ್ಸ್ ಹಿಡಿದೀದಿ, ಅದು 20 ಡಿಗ್ರಿಗೆ. 30ಕ್ಕ 0.80, 35ಕ್ಕ 0.72. ಹುಬ್ಬಳ್ಳಿ ಲ್ಯಾಬಿನ್ಯಾಗ ಏಪ್ರಿಲ್ ಮಧ್ಯಾಹ್ನ 20 ಎಲ್ಲಿಂದ ಬರಬೇಕು? 30 ಇದ್ದರ ನಿನ್ನ ನೀರಿನ ಅಂಕಿ ಮೂರೂ ಕಾಲುಭಾಗ ಹೆಚ್ಚು ಬರದಂಗ ಆತು. ನೀರಿನ ಅಂಕಿಗಳ ಇಳಿತದ ಆಕಾರ ಇದರಿಂದ ಬದಲಾಗೂದಿಲ್ಲ, ಆದ್ರ ಹೊರಬಾಯಿಗೆ ಒಂದು ಥರ್ಮಾಮೀಟರ್ ಕಟ್ಟು. ಇನ್ನೊಂದು, ನಿಮಿಷಕ್ಕ ಒಂದು ಘನ ಸೆಂಟಿಮೀಟರ್ ಹರಿಸಿ ಇಪ್ಪತ್ತು ನಿಮಿಷಕ್ಕ ಓದಿ ಮುಗಿಸೀದಿ. ರಂಧ್ರದ ಹತ್ತು ಪಟ್ಟು ಹೋಗಬೇಕಂದ್ರ ಒಂದು ತಾಸು ನಲವತ್ತು ನಿಮಿಷ ಬೇಕು. ಒತ್ತಡದ ಮುಳ್ಳು ನಿಂತಮ್ಯಾಲ ಓದು. ಉಪ್ಪುನೀರು 0.45 ಮೈಕ್ರಾನ್ ಫಿಲ್ಟರ್‌ನಿಂದ ಸೋಸಿದ್ದಿರಲಿ.

ಕೊಯ್ದ ಮುಖದ ಮ್ಯಾಲ ಕಲ್ಲಿನ ಹಿಟ್ಟು ಜ್ವಾಳದ ಹಿಟ್ಟಿನಂಗ ಕೂತಿರತೈತಿ. ಹಲ್ಲುಜ್ಜೂ ಬ್ರಶ್ಶಿನಿಂದ ಉಪ್ಪುನೀರಾಗ ತಿಕ್ಕು, ನಲ್ಲಿ ನೀರಾಗಲ್ಲ. ಒಣಗಿಸೂದು 60 ಡಿಗ್ರಿಗೆ, ತೇವ ನೂರಕ್ಕ 40 ಇರುವ ಒಲಿಯೊಳಗ. 110ಕ್ಕ ಹಾಕಿದ್ರ ಜೇಡಿಯ ನೀರೂ ಹೋಗಿ ಕಲ್ಲೇ ಬ್ಯಾರೆ ಆಗತೈತಿ. ನಾ ಇಷ್ಟೆಲ್ಲಾ ಹೇಳೂದು ನಿಮ್ಮ ಗೈಡ್‌ಗೆ ಸೇರದಿರಬಹುದು, ಅವರು ಹೇಳಿದಂಗ ಮಾಡು.

ಹೋಲ್ಡರ್ ಒಳಗ ತುಂಡನ್ನ ಸುತ್ತಿ ಬಿಗಿಯೂ ರಬ್ಬರ್ ತೋಳು ಸೋರಿ ಗಾಳಿ ಕಲ್ಲಿನ ಬಾಜೂದಿಂದ ಹೋಗಿತ್ತೇನೋ ಅನ್ನೂ ಸಂಶಯ ಒಂದು ಉಳದೈತಿ. ವರ್ಕ್‌ಶಾಪಿನ್ಯಾಗ 38 ಮಿಲಿಮೀಟರ್ ವ್ಯಾಸ, 50 ಉದ್ದದ ಉಕ್ಕಿನ ಗಟ್ಟಿ ಸಿಲಿಂಡರ್ ಲೇಥ್‌ಗೆ ಹಾಕಿಸಿ, 400 ಪಿಎಸ್‌ಐ ತೋಳಿನ ಒತ್ತಡದಾಗ ನೈಟ್ರೋಜನ್ ಬಿಡು. ಒಂದು ಗುಳ್ಳಿನೂ ಬರಬಾರದು. ಬಂದ್ರ ಆ 42ರಾಗ ತೋಳಿನ ಸೋರಿಕಿನೂ ಸೇರೈತಿ. ಉಕ್ಕಿನ ಅಂಕಿ, ದಿನದ ತಾಪಮಾನ, ದಿಕ್ಕು ತಿರುವಿದಾಗಿನ ಒತ್ತಡ, ಮೂರೂ ಒಂದು ಕಾಗದದಾಗ ಬರದು ಶುಕ್ರವಾರದೊಳಗ ಕಳಿಸು. ಸರಾಸರಿ ಮಾತ್ರ ಕಳಸಬ್ಯಾಡ.

ನಿನ್ನ ಮಾಮಾ