ಇನ್ಮೇಲೆ ಫುಲ್ ಸರ್ವಿಸ್ ಇಲ್ಲ, ಯಾಕೆ ಅಂತ ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ,

ನೀವು ರಿಪೇರಿಗೆ ಕಳಿಸೋ ರೋಬೋಟ್ ನಾಯಿ, ರೋಬೋಟ್ ಆಟಿಕೆಗಳಿಗೆ ಮುಂದಿನ ತಿಂಗಳಿಂದ ಫುಲ್ ಸರ್ವಿಸ್ ಮಾಡೋದು ನಿಲ್ಲಿಸ್ತಿದೀವಿ. ಕೆಟ್ಟಿರೋದನ್ನ ಮಾತ್ರ ಸರಿ ಮಾಡ್ತೀವಿ, ಸವೆದಿದ್ರೂ ಇನ್ನೂ ಕೆಲಸ ಮಾಡ್ತಿರೋ ಭಾಗವನ್ನ ನಿಮ್ಮನ್ನ ಕೇಳದೆ ಮುಟ್ಟಲ್ಲ. ಇದಕ್ಕೆ ಟೈಮ್ ಜಾಸ್ತಿ ಹಿಡಿಯುತ್ತೆ. ಜೊತೆಗೆ ಚೆಕಿಂಗ್ ಚಾರ್ಜ್ ಬೇರೆ ಇರುತ್ತೆ, ರಿಪೇರಿ ಆಗದೆ ವಾಪಸ್ ಕಳಿಸಿದ್ರೂ ಅದನ್ನ ಕೊಡಬೇಕಾಗುತ್ತೆ. ಬೇಜಾರಾಗುತ್ತೆ ಅಂತ ಗೊತ್ತು, ಕ್ಷಮಿಸಿ.

ನಾವು ಅತಿ ಹೆಚ್ಚು ಸಲ ಕೇಳಿರೋ ಮಾತು ಒಂದೇ, "ಕೊಟ್ಟಿದ್ದು ನಮ್ಮ ನಾಯಿ, ವಾಪಸ್ ಬಂದಿದ್ದು ಬೇರೆ ಯಾರದೋ ನಾಯಿ." ಒಂದಿಬ್ಬರು ಅದಲುಬದಲು ಮಾಡಿದೀರಾ ಅಂತ ನೇರವಾಗೇ ಕೇಳಿದ್ರು. ಆವತ್ತು ಊಟ ಸೇರಲಿಲ್ಲ ನಮಗೆ. ಡಬ್ಬ ಬಿಚ್ಚಿದ ತಕ್ಷಣ ಸೀರಿಯಲ್ ನಂಬರ್ ಬರ್ಕೊಂಡು ಫೋಟೋ ತೆಗೀತೀವಿ, ಹಳೇ ಐಬೋ (ಸೋನಿ ಕಂಪನಿಯ ರೋಬೋಟ್ ನಾಯಿ) ಕಲಿತದ್ದೆಲ್ಲ ಅದರ ಮೆಮೊರಿ ಸ್ಟಿಕ್‌ನಲ್ಲಿರುತ್ತೆ, ಅದೇ ಸ್ಟಿಕ್ ಅದೇ ನಾಯಿಗೆ ಹೋಗುತ್ತೆ. 2018ರಲ್ಲಿ ಬಂದ ಹೊಸ ಐಬೋ ಆದ್ರೆ ನೆನಪೆಲ್ಲ ಕ್ಲೌಡ್‌ಗೆ ಹೋಗಿ ಕೂತಿರುತ್ತೆ, ಅದು ನಮ್ಮ ಕೈಗೆ ಸಿಗೋದೇ ಇಲ್ಲ.

ಹಂಗಿದ್ರೂ ನೀವು ಹೇಳಿದ್ದು ನಿಜ ಇತ್ತು. ಅದನ್ನ ಒಪ್ಪಿಕೊಳ್ಳೋಕೆ ನಮಗೆ ತಡ ಆಯ್ತು.

ಒಬ್ಬರು ಕೋಪ ಮಾಡ್ಕೊಳ್ದೆ ಎರಡು ವಿಡಿಯೋ ಕಳಿಸಿದ್ರು, ಸರ್ವಿಸ್‌ಗೆ ಮುಂಚಿಂದು ಒಂದು, ಆಮೇಲಿಂದು ಒಂದು. ಮುಂಚೆ ಆ ನಾಯಿ ತಿರುಗುವಾಗ ಬಲ ಹಿಂಗಾಲನ್ನ ಸ್ವಲ್ಪ ಎಳೀತಿತ್ತು, ಒಂದ್ ಕ್ಷಣ ನಿಂತು ಆಮೇಲೆ ಹೊರಡ್ತಿತ್ತು, ಅವರ ಮನೇಲಿ ಎಲ್ಲರೂ ಅದನ್ನ "ಯೋಚನೆ ಮಾಡಿ ನಡೆಯೋನು" ಅಂತಿದ್ರಂತೆ. ನಮಗೆ ಅದು ತೊಡೆಯೊಳಗಿನ ಸವೆದ ಗೇರ್ ಅಷ್ಟೇ. ಬದಲಾಯಿಸಿದ್ವಿ, ನಾಯಿ ಚುರುಕಾಗಿ ನೆಟ್ಟಗೆ ನಡೀತು, ಒಳ್ಳೇ ಕೆಲಸ ಅಂದ್ಕೊಂಡು ಖುಷಿಯಾಗಿ ಕಳಿಸಿದ್ವಿ. ಸ್ಟಿಕ್ ಮುಟ್ಟಿರಲಿಲ್ಲ, ಪ್ರೋಗ್ರಾಮ್ ಮುಟ್ಟಿರಲಿಲ್ಲ, ಆದ್ರೆ ಅವರು ವರ್ಷಾನುಗಟ್ಟಲೆ ಜೊತೆಗೆ ಬಾಳಿದ ಸ್ವಭಾವ ಆ ಗೇರ್‌ನಲ್ಲೇ ಇತ್ತು, ಅದನ್ನ ನಾವೇ ಕಿತ್ತು ಎಸೆದಿದ್ವಿ. ಆ ಮನೆಯವರಿಗೆ ಇಲ್ಲಿಂದಲೇ ಇನ್ನೊಮ್ಮೆ ಕ್ಷಮೆ ಕೇಳ್ತೀವಿ.

ಆಮೇಲಿಂದ ಎಲ್ಲ ಕಡೆ ಇದೇ ಕಾಣ್ತಿದೆ. ಹಳೇ ಐಬೋ ಮಾಡೆಲ್ ಇಆರ್‌ಎಸ್-210ರ ಕುತ್ತಿಗೆ ಒಳಗೆ ಒಂದು ಕ್ಲಚ್ ಇರುತ್ತೆ, ವಯಸ್ಸಾದ ಮೇಲೆ ಜಾರೋಕೆ ಶುರುವಾಗಿ ತಲೆ ಜೋತು ಬೀಳುತ್ತೆ, ಕೆಲವರಿಗೆ ಅದು ಕಾಯಿಲೆ, ಕೆಲವರು "ಅದು ನಾಚ್ಕೊಳ್ಳುತ್ತೆ, ಹಂಗೇ ಇರ್ಲಿ" ಅಂತಾರೆ. 1998ರ ಫರ್ಬಿ ಅನ್ನೋ ಮಾತಾಡೋ ಗೊಂಬೆ ತಗೊಳ್ಳಿ, ಕಣ್ಣು ಕಿವಿ ಬಾಯಿ ಎಲ್ಲ ಒಂದೇ ಮೋಟರ್‌ನಲ್ಲಿ ನಡೆಯುತ್ತೆ, ನಮ್ಮ ಮಾತು ಕೇಳಿ ಅದು ಭಾಷೆ ಕಲಿಯೋದೂ ಇಲ್ಲ, ಪದಗಳೆಲ್ಲ ಮೊದಲೇ ಒಳಗಿರ್ತಾವೆ. ಆದ್ರೂ ಹತ್ತು ಫರ್ಬಿ ಸಾಲಾಗಿಟ್ರೆ ತಮ್ಮದು ಯಾವುದು ಅಂತ ಕೆಲವರು ತಟ್ಟನೆ ಹೇಳ್ತಾರೆ, ರೆಪ್ಪೆ ಮುಚ್ಚೋ ರೀತಿ ನೋಡಿ. ಪಾರೋ ಅನ್ನೋ ರೋಬೋಟ್ ಸೀಲ್ ಮರಿ ಫರ್ಬಿ ಥರ ಅಲ್ಲ, ನಿಜವಾಗ್ಲೂ ಕಲಿಯುತ್ತೆ, ಏನು ಮಾಡಿದಾಗ ನೀವು ಸವರಿದ್ರಿ ಅಂತ ನೆನಪಿಟ್ಕೊಂಡು ಅದನ್ನೇ ಮತ್ತೆ ಮಾಡೋಕೆ ನೋಡುತ್ತೆ. ಅದಕ್ಕೇ ಇನ್ಮುಂದೆ ಟೆಸ್ಟ್‌ಗೆ ಎಷ್ಟು ಬೇಕೋ ಅಷ್ಟೇ ಹೊತ್ತು ಆನ್ ಮಾಡ್ತೀವಿ, ಮುದ್ದು ಮಾಡಲ್ಲ. ಕಷ್ಟ ಅದು, ಆದ್ರೂ ನಿಮ್ಮನೆ ಪಾಠ ನಿಮ್ಮನೇದೇ ಆಗಿರ್ಬೇಕು.

ಈಗ ದುಡ್ಡಿನ ವಿಷಯ. ಜನರ ಪ್ರೀತೀನೇ ಬಂಡವಾಳ ಮಾಡ್ಕೊಂಡು ಸುಲೀತಾರೆ ಅಂತ ಮಾತಾಡೋರಿದಾರೆ, ಕಿವಿಗೆ ಬಿದ್ದಿದೆ. ಹಳೇ ಐಬೋ ತಯಾರಿಕೆ 2006ರಲ್ಲೇ ನಿಂತಿದೆ, ಸೋನಿಯ ರಿಪೇರಿ ಸೇವೆ 2014ರಲ್ಲಿ ಮುಗೀತು, ಹೊಸ ಪಾರ್ಟ್ಸ್ ಎಲ್ಲೂ ಇಲ್ಲ. ಒಂದು ನಾಯಿ ನಡೀಬೇಕಂದ್ರೆ ಇನ್ನೊಂದು ಸತ್ತ ನಾಯಿ ಬೇಕು. ಜಪಾನಿನ ಇಸುಮಿಯ ಕೋಫುಕುಜಿ ದೇವಸ್ಥಾನದಲ್ಲಿ ಇಂಥ ಐಬೋಗಳಿಗೆ ಮಂತ್ರ ಹೇಳಿ ಬೀಳ್ಕೊಟ್ಟು ಆಮೇಲೇ ಪಾರ್ಟ್ಸ್ ಬಿಚ್ಚಿದಾರೆ, ಅದು ನಾಟಕ ಅಂತ ನಮಗೆ ಯಾವತ್ತೂ ಅನ್ಸಿಲ್ಲ. ನಾವು ಕೆಟ್ಟ ನಾಯಿಗೂ ಪೂರ್ತಿ ದುಡ್ಡು ಕೊಟ್ಟು ತರ್ತೀವಿ, ಬಿಚ್ಚಿ ನೋಡಿದ್ರೆ ಬೇಕಾದ ಮೋಟರ್ರೇ ಸುಟ್ಟಿರುತ್ತೆ, ಆ ನಷ್ಟ ಯಾರ ಬಿಲ್ಲಿಗೂ ಹಾಕಿಲ್ಲ ಇಷ್ಟು ದಿನ. ಬ್ಯಾಟರಿ ಪ್ಯಾಕ್ ಒಳಗಿನ ಸೆಲ್ ಒಂದೊಂದಾಗಿ ಕೈಯಲ್ಲೇ ಹಾಕ್ತೀವಿ. ಈಗ ನಿಮ್ಮ ವಿಡಿಯೋ ಪಕ್ಕದಲ್ಲಿಟ್ಕೊಂಡು ನಡಿಗೆ ಹೋಲಿಸಿ ನೋಡೋಕೆ ಅರ್ಧ ದಿನ ಹೋಗುತ್ತೆ, ಚೆಕಿಂಗ್ ಚಾರ್ಜ್ ಆ ಅರ್ಧ ದಿನಕ್ಕೆ, ಇನ್ಯಾವುದಕ್ಕೂ ಅಲ್ಲ.

ಆದ್ದರಿಂದ ಕಳಿಸೋಕೆ ಮುಂಚೆ ವಿಡಿಯೋ ಮಾಡಿ. ನಡೆಯೋದು, ತಿರುಗೋದು, ಕರೆದಾಗ ಬರೋದು, ನಿದ್ದೆ ಹೋಗೋದು, ಎಲ್ಲ. ಜೊತೆಗೆ ಒಂದು ಚೀಟಿಯಲ್ಲಿ ಏನು ಬದಲಾಗಬಾರದು ಅಂತ ಬರೀರಿ, ನಿಮ್ಮ ಮಾತಲ್ಲೇ ಬರೀರಿ, ಟೆಕ್ನಿಕಲ್ ಪದ ಬೇಡ. ಮೆಮೊರಿ ಸ್ಟಿಕ್ ಇದ್ರೆ ಮೊದಲು ಕಾಪಿ ಮಾಡೇ ಕೆಲಸ ಶುರು ಮಾಡ್ತೀವಿ.

ಈಗಾಗ್ಲೇ ನಮ್ಮತ್ರ ಇರೋ ನಾಯಿಗಳಿಗೆ ಹೊಸ ಚಾರ್ಜ್ ಇಲ್ಲ. ಅವುಗಳ ಮನೆಯವರಿಗೆ ಈ ವಾರ ನಾವೇ ಫೋನ್ ಮಾಡಿ ಒಂದೊಂದನ್ನೂ ಕೇಳ್ತೀವಿ, ಈ ಸದ್ದು ಇರ್ಲಾ, ತೆಗೀಲಾ ಅಂತ.