ಜೊಲ್ಲು ಸುರಿಸುವ ಮರಿಗೆ ಲಿವರ್ ತೊಂದರೆಯೂ ಇರಬಹುದು

ಮಾನ್ಯ ಸಂಪಾದಕರೇ,

ಬೆಕ್ಕು ಜೊಲ್ಲು ಸುರಿಸುತ್ತಿದ್ದರೆ ನಮ್ಮ ಕಡೆ ಮೊದಲು ಬರುವ ಮಾತು 'ಯಾರೋ ವಿಷ ಹಾಕಿದ್ದಾರೆ'. ಆಮೇಲಿನದು 'ಹುಚ್ಚು ಹಿಡಿದಿದೆ, ಎಲ್ಲಾದರೂ ಬಿಟ್ಟು ಬನ್ನಿ'. ನಮ್ಮ ಚಿನ್ನುವಿನ ವಿಷಯದಲ್ಲಿ ಎರಡನ್ನೂ ಕೇಳಿದೆವು. ಅವನಿಗೆ ಎರಡೂ ಆಗಿರಲಿಲ್ಲ. ಹುಟ್ಟಿನಿಂದಲೇ ಲಿವರ್‌ಗೆ ಹೋಗುವ ರಕ್ತ ಅಡ್ಡದಾರಿ ಹಿಡಿದಿತ್ತು. ಅದು ಗೊತ್ತಾಗಲು 10 ತಿಂಗಳು ಬೇಕಾಯಿತು.

ಚಿನ್ನು ಬೀದಿಯಲ್ಲಿ ಸಿಕ್ಕ ನಾಟಿ ಮರಿ. ಜೊತೆಯ ಮರಿಗಳು ದಪ್ಪಗಾದವು, ಇವನು ಮಾತ್ರ ಬೆಳೆಯಲೇ ಇಲ್ಲ. ಊಟವಾದ ಸ್ವಲ್ಪ ಹೊತ್ತಿಗೆ ಜೊಲ್ಲು, ಮಂಕು, ಗೋಡೆಗೆ ತಲೆ ಒತ್ತಿಕೊಂಡು ನಿಲ್ಲುವುದು. ಸಂಜೆ ನೋಡಿದರೆ ಏನೂ ಆಗದವನಂತೆ ಆಟ. ಹುಳದ ಔಷಧಿ ಮೂರು ಸಲ ಕೊಡಿಸಿದೆವು. ಸಂತಾನಹರಣ ಚಿಕಿತ್ಸೆಗೆ ಅರಿವಳಿಕೆ ಕೊಟ್ಟಾಗ ಮಾರನೇ ದಿನದವರೆಗೂ ಸರಿಯಾಗಿ ಎಚ್ಚರವಾಗಲಿಲ್ಲ. 'ಕೆಲವು ಬೆಕ್ಕು ಹಾಗೇ' ಎಂದು ಆ ಕ್ಲಿನಿಕ್‌ನಲ್ಲಿ ಹೇಳಿ ಕಳಿಸಿದರು. ಸುಳಿವು ಅಲ್ಲೇ ಇತ್ತು, ಅಲ್ವಾ? ಅಂಥ ಔಷಧಿಗಳನ್ನು ದೇಹದಿಂದ ತೆಗೆಯುವುದರಲ್ಲಿ ಲಿವರ್ ಪಾಲು ದೊಡ್ಡದು.

ಕೊನೆಗೆ ಬೆಂಗಳೂರಿನ ಒಬ್ಬ ವೈದ್ಯೆ ಅವನ ಕಣ್ಣು ನೋಡಿ ಅನುಮಾನಪಟ್ಟರು. ತಾಮ್ರದ ಬಣ್ಣದ ಕಣ್ಣು ಪರ್ಷಿಯನ್ ಬೆಕ್ಕಿಗೆ ಸಹಜ. ನಾಟಿ ಮರಿಗೆ ಅದೂ, ಜೊಲ್ಲೂ, ಸಣಕಲು ಮೈಯೂ ಸೇರಿದರೆ 'ಲಿವರ್ ಶಂಟ್' ಇದೆಯೇ ಎಂದು ನೋಡಬೇಕಂತೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಊಟವಾಗಿ 2 ಗಂಟೆಗೆ ಇನ್ನೊಮ್ಮೆ ರಕ್ತ ತೆಗೆದು ಅದರಲ್ಲಿ ಬೈಲ್ ಆಸಿಡ್ (ಲಿವರ್ ಮಾಡುವ ಪಿತ್ತದ ಆಮ್ಲ) ಎಷ್ಟಿದೆ ಎಂದು ನೋಡಿದರು. ಆಮೇಲೆ ಸಿ.ಟಿ. ಸ್ಕ್ಯಾನ್.

ಕರುಳಿನ ರಕ್ತ ಮೊದಲು ಲಿವರ್‌ಗೆ ಹೋಗಿ ಸೋಸಿಕೊಂಡು ಹೃದಯ ಸೇರಬೇಕು. ಶಂಟ್ ಇದ್ದರೆ ಲಿವರ್ ಬಿಟ್ಟು ನೇರವಾಗಿ ದೊಡ್ಡ ಅಭಿಧಮನಿಗೆ ಸೇರುತ್ತದೆ. ಅಮೋನಿಯಾದಂಥ ವಿಷ ಮಿದುಳಿಗೆ ಹತ್ತುತ್ತದೆ. ಕೆಲವು ಮರಿಗಳಲ್ಲಿ ತಾಯಿ ಹೊಟ್ಟೆಯಲ್ಲಿದ್ದಾಗ ಬೇಕಾಗಿದ್ದ ನಾಳ ಹುಟ್ಟಿದ ಮೇಲೆ ಮುಚ್ಚದೆ ಉಳಿದಿರುತ್ತದೆ. ಬೆಕ್ಕುಗಳಲ್ಲಿ ಜಾಸ್ತಿ ಕಾಣುವುದು ಲಿವರ್‌ನ ಹೊರಗಿನ ಅಡ್ಡದಾರಿ. ಚಿನ್ನುವಿನದೂ ಅದೇ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಅಮೋನಿಯಾ ಎಂದ ಕೂಡಲೇ ತಿಳಿದವರೊಬ್ಬರು 'ಕೋಳಿ, ಮೀನು ಬಿಡಿಸಿ, ಬರೀ ಮೊಸರನ್ನ ಹಾಕಿ' ಎಂದರು. ದಯವಿಟ್ಟು ಹಾಗೆ ಮಾಡಬೇಡಿ. ಬೆಕ್ಕಿನ ದೇಹ ಅರ್ಜಿನೈನ್ ಎಂಬ ಅಂಶವನ್ನು ತನಗೆ ಬೇಕಾದಷ್ಟು ತಾನೇ ಮಾಡಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಅದು ಸಿಗದಿದ್ದರೆ ಅಮೋನಿಯಾ ಇನ್ನೂ ಏರುತ್ತದೆ. ನಮಗೆ ಹೇಳಿದ್ದು ಒಳ್ಳೆಯ ಪ್ರೋಟೀನನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ, ಜೊತೆಗೆ ಕರುಳಿನಿಂದ ರಕ್ತಕ್ಕೆ ಅಮೋನಿಯಾ ಸೇರುವುದನ್ನು ತಗ್ಗಿಸುವ ಲ್ಯಾಕ್ಟುಲೋಸ್ ಎಂಬ ಸಿರಪ್ ಕೊಡಿ ಎಂದು.

ಚಿನ್ನುವಿಗೆ ಹೊಟ್ಟೆ ತೆರೆದು ಆ ನಾಳಕ್ಕೆ ಸೆಲ್ಲೋಫೇನ್ ಪಟ್ಟಿ ಸುತ್ತಿದರು. ಅದರ ಸುತ್ತ ಅಂಗಾಂಶ ಬೆಳೆದು ವಾರಗಳಲ್ಲಿ ನಾಳ ಮುಚ್ಚುತ್ತಾ ಬರುತ್ತದೆ. ಒಂದೇ ಸಲಕ್ಕೆ ಬಿಗಿದರೆ ಲಿವರ್‌ಗೆ ಬರುವ ನಾಳದಲ್ಲಿ ಒತ್ತಡ ಏರಿ ಜೀವಕ್ಕೇ ಅಪಾಯ. ಆದರೂ ಎರಡನೇ ದಿನ ಫಿಟ್ಸ್ ಬಂತು, ಒಂದು ವಾರ ಕಣ್ಣು ಕಾಣಲಿಲ್ಲ. ಬೆಕ್ಕುಗಳಲ್ಲಿ ಹೀಗಾಗುವುದುಂಟು ಎಂದು ವೈದ್ಯೆ ಮೊದಲೇ ಎಚ್ಚರಿಸಿದ್ದರು. ಆ ವಾರ ನಾವು ಯಾರೂ ಸರಿಯಾಗಿ ಮಲಗಲಿಲ್ಲ.

ಹೊಟ್ಟೆ ಕೊಯ್ಯದ ದಾರಿಯೂ ಇದೆ. ಕುತ್ತಿಗೆಯ ರಕ್ತನಾಳದಲ್ಲಿ ಸೂಜಿಯಷ್ಟು ತೂತು ಮಾಡಿ, ಎಕ್ಸ್‌ರೇ ಪರದೆ ನೋಡುತ್ತಾ ತೆಳು ಕೊಳವೆಯನ್ನು ಶಂಟ್‌ವರೆಗೆ ಇಳಿಸುತ್ತಾರೆ. ಶಂಟ್‌ನ ಬಾಯಿಗೆ ಬಲೆಯಂಥ ಸ್ಟೆಂಟ್ ಕೂರಿಸಿ, ಒಳಗೆ ಪುಟ್ಟ ಲೋಹದ ಸುರುಳಿಗಳನ್ನು ಬಿಡುತ್ತಾರೆ. ಅವುಗಳ ಸುತ್ತ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ನ್ಯೂಯಾರ್ಕ್‌ನ ಅನಿಮಲ್ ಮೆಡಿಕಲ್ ಸೆಂಟರ್‌ನಂಥ ಕಡೆ ಇದನ್ನು ಮಾಡುತ್ತಾ ಬಂದಿದ್ದಾರೆ, ನಾಯಿಗಳಲ್ಲೇ ಹೆಚ್ಚು. ಎಲ್ಲ ಬೆಕ್ಕಿಗೂ ಇದೇ ಬೇಕು ಎನ್ನುವುದಿಲ್ಲ. ಹೊರಗಿನ ಶಂಟ್‌ಗೆ ಪಟ್ಟಿಯೋ, ನಾಳವನ್ನು ನಿಧಾನವಾಗಿ ಮುಚ್ಚುವ ಉಂಗುರವೋ ಸಾಕಾಗುವುದುಂಟು. ಆದರೆ ಲಿವರ್‌ನ ಒಳಗೇ ಹುದುಗಿದ ನಾಳವನ್ನು ಕತ್ತಿಯಿಂದ ಮುಟ್ಟುವುದು ಬಲು ಕಷ್ಟ. ಅಂಥ ಮರಿಗೆ ಈ ಕೊಳವೆ ದೊಡ್ಡ ಆಸರೆ.

ಮನುಷ್ಯರ ಹೃದಯಕ್ಕೆ ಹೀಗೇ ಕೊಳವೆ ಇಳಿಸಿ ಚಿಕಿತ್ಸೆ ಮಾಡುವ ಕ್ಯಾಥ್ ಲ್ಯಾಬ್ ಮೈಸೂರು, ಕಲಬುರಗಿಗೂ ಬಂದಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಈ ಕೆಲಸಕ್ಕೆಂದೇ ಒಂದು ಕೋಣೆ, ಅದರಲ್ಲಿ ಪಳಗಿದ ಇಬ್ಬರು ವೈದ್ಯರು ಇರುವಂತೆ ಸರ್ಕಾರ ನೋಡಿಕೊಂಡರೆ ಇಡೀ ರಾಜ್ಯಕ್ಕೆ ಉಪಯೋಗ. ಅದಕ್ಕಿಂತ ಮೊದಲು ಬೈಲ್ ಆಸಿಡ್ ಪರೀಕ್ಷೆ ಜಿಲ್ಲಾ ಪಶು ಆಸ್ಪತ್ರೆಗಳಲ್ಲಿ ಸಿಗಲಿ. ರೋಗವೇ ಗೊತ್ತಾಗದಿದ್ದರೆ ಕೊಳವೆ ಇದ್ದೂ ಏನು ಪ್ರಯೋಜನ?

ಜೊಲ್ಲು ರೇಬಿಸ್‌ನ ಗುರುತೂ ಹೌದು. ಬೆಕ್ಕು ಕಚ್ಚಿದರೆ, ಪರಚಿದರೆ ಸೋಪು ಹಾಕಿ 15 ನಿಮಿಷ ತೊಳೆದು ಕೂಡಲೇ ಡಾಕ್ಟರ ಹತ್ತಿರ ಹೋಗಿ. ಆದರೆ ತಿಂಗಳುಗಟ್ಟಲೆ ಬಂದು ಹೋಗುವ ಜೊಲ್ಲು ರೇಬಿಸ್ ಅಲ್ಲ.

ನಿಮ್ಮ ಪತ್ರಿಕೆಯಲ್ಲಿ ಪಶುವೈದ್ಯರಿಂದ ಈ ಬಗ್ಗೆ ಒಮ್ಮೆ ಬರೆಸಿ. 'ನಿಮ್ಮ ಮರಿ ಊಟವಾದ ಮೇಲೆ ಮಂಕಾಗುತ್ತದೆಯೇ?' ಎಂಬ ಪ್ರಶ್ನೆ ಅದರ ಮೊದಲ ಸಾಲಿನಲ್ಲೇ ಇರಲಿ.

– ಒಬ್ಬ ಓದುಗ, ದಾವಣಗೆರೆ