ಮಗಳಿಗೊಂದು ಪತ್ರ: ಕಾಣಿಕೆಗೂ ಮೊದಲಿನ ಲೆಕ್ಕ

ಪ್ರೀತಿಯ ಮಗಳೇ,

ದೇವರಿಗೆಂದು ಎತ್ತಿಡುವ ಹತ್ತರಲ್ಲೊಂದು ಪಾಲನ್ನು, ಅಂದರೆ ದಶಮಾಂಶವನ್ನು, ಒಟ್ಟು ಸಂಬಳದ ಮೇಲೆ ಲೆಕ್ಕ ಹಾಕಬೇಕೋ, ಪಿಎಫ್ ಕಳೆದು ಕೈಗೆ ಬರುವ ಹಣದ ಮೇಲೋ ಎಂದು ಕೇಳಿದ್ದೀಯ. ಪಿಎಫ್ ಕೂಡ ನಿನ್ನದೇ ಹಣ, ಒಂದಲ್ಲ ಒಂದು ದಿನ ನಿನ್ನ ಕೈಗೇ ಬರುತ್ತದೆ. ಹಾಗಾಗಿ 30,000ಕ್ಕೆ 3,000 ಎಂದಿಟ್ಟುಕೋ. ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿಬಿಡು. ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡೋಣ ಅಂದರೆ ಏನೂ ಉಳಿದಿರುವುದಿಲ್ಲ. ಅಷ್ಟೂ ಸಭೆಯ (ಚರ್ಚಿನ) ಕಾಣಿಕೆಗೇ ಹೋಗಬೇಕೆಂದೇನೂ ಇಲ್ಲ. ಬೈಬಲಿನ ಧರ್ಮೋಪದೇಶಕಾಂಡ 14ನೇ ಅಧ್ಯಾಯದಲ್ಲಿ ಮೂರನೆಯ ವರ್ಷದ ದಶಮಾಂಶವನ್ನು ಊರಲ್ಲೇ ಕೂಡಿಸಿಡಬೇಕು, ದೇವರ ಸೇವೆಗೆಂದೇ ಇದ್ದ ಲೇವಿ ಕುಲದವರ ಜೊತೆ ಪರದೇಶಿ, ಅನಾಥ, ವಿಧವೆಯರೂ ಅದರಲ್ಲಿ ಹೊಟ್ಟೆ ತುಂಬ ಉಣ್ಣಬೇಕು ಎಂದಿದೆ.

ಈ ಲೆಕ್ಕ ಸುಲಭ. ಅದಕ್ಕೇ ನಮ್ಮವರಲ್ಲಿ ಬಹಳ ಜನ ಇಲ್ಲಿಗೇ ನಿಂತುಬಿಡುತ್ತಾರೆ. ಪುದೀನ, ಸಬ್ಬಸಿಗೆ, ಜೀರಿಗೆಯಲ್ಲೂ ಹತ್ತರಲ್ಲೊಂದು ಅಳೆದು ಕೊಟ್ಟು ನ್ಯಾಯ, ಕರುಣೆ, ನಂಬಿಗಸ್ತಿಕೆಯನ್ನು ಬಿಟ್ಟವರನ್ನು ಯೇಸು ಗದರಿದ್ದು ಮತ್ತಾಯ 23ರಲ್ಲಿದೆ. ಸೊಪ್ಪಿನ ಲೆಕ್ಕ ಬಿಡಿ ಎನ್ನಲಿಲ್ಲ, ಇದನ್ನೂ ಮಾಡಿ ಅದನ್ನೂ ಬಿಡಬೇಡಿ ಎಂದ.

ನೀವು ಮೂವರು ಹುಡುಗಿಯರು ಸೇರಿ ಇಟ್ಟುಕೊಂಡಿರುವ ಮನೆಕೆಲಸದಮ್ಮನಿಂದಲೇ ಶುರು ಮಾಡು. ಕೂಲಿಯವನ ಕೂಲಿ ಬೆಳಗಾಗುವವರೆಗೆ ನಿನ್ನ ಹತ್ತಿರ ಉಳಿಯಬಾರದು ಎನ್ನುತ್ತದೆ ಯಾಜಕಕಾಂಡ 19. ಬಡವ ಅದನ್ನೇ ನೆಚ್ಚಿಕೊಂಡಿರುತ್ತಾನೆ, ಹೊತ್ತು ಮುಳುಗುವ ಮೊದಲೇ ಕೊಟ್ಟುಬಿಡು ಎನ್ನುತ್ತದೆ ಧರ್ಮೋಪದೇಶಕಾಂಡ 24. ಮೂವರು ಸೇರಿ ಕೊಡುವ ಮನೆಗಳಲ್ಲಿ ಸಂಬಳ ತಡವಾಗುವುದು ದುಷ್ಟತನದಿಂದಲ್ಲ, ಒಬ್ಬಳ ಪಾಲಿಗಾಗಿ ಇನ್ನೊಬ್ಬಳು ಕಾಯುವುದರಿಂದ. ಒಂದನೇ ತಾರೀಕು ಪೂರ್ತಿ ಹಣ ನೀನೇ ಕೊಡು, ಉಳಿದಿಬ್ಬರಿಂದ ಆಮೇಲೆ ವಸೂಲಿ ಮಾಡಿಕೋ. ಯುಪಿಐಯಲ್ಲಿ ಹಾಕುವ ಮೊದಲು ಖಾತೆ ಯಾರ ಹೆಸರಲ್ಲಿದೆ ಕೇಳು. ಗಂಡನದ್ದೋ ಮಗನದ್ದೋ ಆದರೆ ಆ ದುಡ್ಡು ಆ ಅಮ್ಮನ ಕೈಗೆ ಸೇರದೇ ಹೋಗಬಹುದು. ಅವರು ನಗದು ಬೇಕು ಅಂದರೆ ನಗದೇ ಕೊಡು. ಮುಂಗಡ ಕೊಟ್ಟರೆ ಇಬ್ಬರಿಗೂ ಕಾಣುವ ಹಾಗೆ ಬರೆದಿಡು, ಒಂದೇ ಸಲಕ್ಕೆ ಮುರಿದುಕೊಳ್ಳದೆ ಮೂರು ನಾಲ್ಕು ಕಂತಿನಲ್ಲಿ ಕಳೆ. ಕ್ರಿಸ್ಮಸ್‌ಗೆ ನೀವೆಲ್ಲ ಊರಿಗೆ ಹೋದಾಗ ಆ ದಿನಗಳ ಸಂಬಳ ಹಿಡಿಯಬೇಡಿ. ರಜೆ ಬೇಕಾಗಿದ್ದು ನಿಮಗೆ, ಅವರಿಗಲ್ಲ.

ಇನ್ನು ಭಾನುವಾರ. ವಾರಕ್ಕೊಂದು ದಿನ ಕೆಲಸ ಬಿಟ್ಟು ವಿಶ್ರಮಿಸಬೇಕೆಂಬ ಸಬ್ಬತ್ತಿನ ಆಜ್ಞೆಯಲ್ಲಿ ದಾಸ ದಾಸಿಯರ ಹೆಸರೂ ಇದೆ, ನಿನ್ನ ಹಾಗೆಯೇ ಅವರೂ ದಣಿವಾರಿಸಿಕೊಳ್ಳಲಿ ಎಂಬ ಕಾರಣವೂ ಇದೆ. ನೀನು ಆರಾಧನೆಗೆ ಹೋದ ಹೊತ್ತಿನಲ್ಲಿ ಅವರು ಶನಿವಾರ ರಾತ್ರಿಯ ಪಾತ್ರೆ ಉಜ್ಜುತ್ತಿದ್ದರೆ ಆ ಆಜ್ಞೆಯನ್ನು ಅರ್ಧ ಮಾತ್ರ ಓದಿದ ಹಾಗಾಯಿತು. ಮತ್ತೆ, ಅವರಿಗೆ ಕಾಫಿ ಕೊಡುವ ಲೋಟ ಸಿಂಕಿನ ಕೆಳಗೆ ಬೇರೆಯಾಗಿ ಇದ್ದರೆ ಇವತ್ತೇ ತೆಗೆದು ಎಲ್ಲ ಲೋಟಗಳ ಜೊತೆ ಇಡು.

ನಮ್ಮ ಸಿಎಸ್‌ಐ ಸಭೆಯ ಕರ್ತನ ಭೋಜನದ ಆರಾಧನೆಯನ್ನು, ಅಂದರೆ ಎಲ್ಲರೂ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಯನ್ನು, ಈ ಸಲ ಗಮನವಿಟ್ಟು ನೋಡು. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ, ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. 1950ರಲ್ಲಿ ಸಿದ್ಧವಾದ ಅದರ ಆರಾಧನಾ ಕ್ರಮದಲ್ಲಿ ಕಾಣಿಕೆಗೆ ಮೊದಲು ಸಮಾಧಾನ ಕೊಡುವುದು, ಅಂದರೆ ಪಕ್ಕದವರ ಕೈ ಹಿಡಿದು ಶಾಂತಿ ಹಾರೈಸುವುದು, ಬರುತ್ತದೆ. ಕೊಡುವವರ ಬಲಗೈ ಅಂಗೈ ಪಡೆಯುವವರ ಬಲಗೈ ಅಂಗೈಗೆ ತಾಗಬೇಕು, ಇಬ್ಬರೂ ಎಡಗೈಯನ್ನು ಎದುರಿನವರ ಬಲಗೈ ಮೇಲೆ ಮುಚ್ಚಬೇಕು. ಮೇಜಿನ ಬಳಿಯಿಂದ ಹೊರಟು ಕೈಯಿಂದ ಕೈಗೆ ಕೊನೆಯ ಸಾಲಿನವರೆಗೆ ಅದು ಹೋಗುತ್ತದೆ. ಈಗೀಗ ಬೆರಳ ತುದಿ ತಾಗಿಸಿ ಮುಗಿಸುತ್ತಾರೆ, ಇರಲಿ. ಈ ಕ್ರಮದ ಹಿಂದಿರುವುದು ಮತ್ತಾಯ 5ರ ಮಾತು: ಯಜ್ಞವೇದಿಯ ಬಳಿ ನಿಂತಾಗ ನಿನ್ನ ಮೇಲೆ ಸಹೋದರನಿಗೆ ಏನೋ ಇದೆ ಎಂದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು. ಅವನ ಮೇಲೆ ನಿನಗಿರುವ ಸಿಟ್ಟಿನ ವಿಷಯವಲ್ಲ ಇದು. ನಿನ್ನಿಂದ ಅವನಿಗೆ ಆಗಿರುವ ನೋವಿನ ವಿಷಯ.

ಒಂದಾಗುವುದಕ್ಕೆ ಲೆಕ್ಕವೂ ಉಂಟು. ಅರಣ್ಯಕಾಂಡ 5ರ ಪ್ರಕಾರ ತಪ್ಪು ಮಾಡಿದವನು ಅದನ್ನು ಬಾಯಿಬಿಟ್ಟು ಹೇಳಬೇಕು, ಪೂರ್ತಿ ಹಿಂದಿರುಗಿಸಬೇಕು, ಮೇಲೆ ಐದನೇ ಒಂದು ಪಾಲು ಸೇರಿಸಿ ನಷ್ಟವಾದವನಿಗೇ ಕೊಡಬೇಕು. ಆಟೋಗೆ 250 ಕೊಟ್ಟು ಆಫೀಸಿನಲ್ಲಿ 400ರ ಬಿಲ್ ತೋರಿಸಿದ್ದರೆ ವ್ಯತ್ಯಾಸ 150, ಐದನೇ ಒಂದು ಪಾಲು 30. ಅಕೌಂಟ್ಸ್‌ನವರಿಗೆ ವಿಷಯ ಹೇಳಿ 180 ಕಟ್ಟಬೇಕು. ಅದನ್ನು ಕಾಣಿಕೆ ಚೀಲಕ್ಕೆ ಹಾಕಿದರೆ ತೀರುವುದಿಲ್ಲ, ಕಂಪನಿಯ ದುಡ್ಡು ಕಂಪನಿಗೇ ಹೋಗಬೇಕು. ಸುಂಕ ವಸೂಲಿಯ ಜಕ್ಕಾಯನಂತೂ ನಾಲ್ಕರಷ್ಟು ಕೊಡುತ್ತೇನೆ ಎಂದ, ಅಷ್ಟು ಕೊಡು ಎಂದು ಯಾರೂ ಒತ್ತಾಯಿಸಿರಲಿಲ್ಲ.

ಕ್ಷಮೆ ಕೇಳುವಾಗ ಮಾಡಿದ್ದೇನೆಂದು ಹೆಸರಿಟ್ಟು ಹೇಳು. ‘ನಿನಗೆ ಬೇಜಾರಾಗಿದ್ದರೆ’ ಎಂದು ಶುರು ಮಾಡಬೇಡ, ‘ಆದರೆ’ ಎಂದು ಮುಂದುವರಿಸಬೇಡ, ಕ್ಷಮಿಸಿದೆ ಎಂದು ಅಲ್ಲೇ ಹೇಳಿಸಿಕೊಳ್ಳಲು ಕಾಯಬೇಡ. ಅವರು ಒಪ್ಪದಿದ್ದರೂ ಹಣ ಕೊಟ್ಟು ಬಾ.

ಬೇರೆಯವರು ನಿನಗೆ ತಪ್ಪು ಮಾಡಿದರೆ ದಾರಿ ಮತ್ತಾಯ 18ರಲ್ಲಿದೆ: ಮೊದಲು ಇಬ್ಬರೇ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳ ಜೊತೆ, ಕಡೆಗೆ ಸಭೆಯ ಮುಂದೆ. ಇದು ತಲೆಕೆಳಗಾಗುವುದು ಸಾಮಾನ್ಯವಾಗಿ ಪ್ರಾರ್ಥನಾ ಗುಂಪಿನಲ್ಲೇ. ‘ಅವಳಿಗಾಗಿ ಪ್ರಾರ್ಥಿಸಿ’ ಎಂದು ವಾಟ್ಸಾಪ್‌ಗೆ ಹಾಕಿದರೆ ಅವಳಿಗಿಂತ ಮೊದಲು ಊರಿಗೆಲ್ಲ ತಿಳಿದಿರುತ್ತದೆ.

ಒಂದು ವಿಷಯದಲ್ಲಿ ಮಾತ್ರ ಈ ಮೆಟ್ಟಿಲು ಹಿಡಿಯಬೇಡ. ಯಾರಾದರೂ ಮೈಮೇಲೆ ಕೈ ಹಾಕಿದರೆ, ಅಸಹ್ಯವಾಗಿ ನಡೆದುಕೊಂಡರೆ, ಅವನನ್ನು ಒಬ್ಬಳೇ ಹೋಗಿ ಕಾಣಬೇಕೆಂದು ವಾಕ್ಯ ತೋರಿಸಿ ಹೇಳುವವರ ಮಾತು ಕೇಳಬೇಡ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಕಚೇರಿಯಲ್ಲಿ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ಬರೆದು ದೂರು ಕೊಡಬೇಕು. ಮೆಸೇಜ್ ಅಳಿಸಬೇಡ, ತಾರೀಕು ಬರೆದಿಡು. ಕ್ಷಮಿಸುವುದೆಂದರೆ ದೂರು ವಾಪಸ್ ತೆಗೆದುಕೊಳ್ಳುವುದಲ್ಲ; ಮಾಡಿದವರು ಸಭಾಪಾಲಕರೇ (ಪಾಸ್ಟರೇ) ಆಗಿದ್ದರೂ ಅಷ್ಟೇ.

ಪ್ರಾರ್ಥನೆ, ಬೈಬಲ್ ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿನಗೆ ಗೊತ್ತು. ದಿನಕ್ಕೆ ಒಂದು ಅಧ್ಯಾಯ ಸಾಕು, ಫೋನ್ ಮುಟ್ಟುವ ಮೊದಲು. ಯಾಕೋಬನ ಪತ್ರದಿಂದ ಶುರು ಮಾಡು, ಐದೇ ಅಧ್ಯಾಯ.

ಮದುವೆಯ ಪ್ರೊಫೈಲ್ ವಿಷಯ. ಎಷ್ಟೋ ಮನೆಗಳವರು ಧರ್ಮದ ಕಡೆ ಕ್ರೈಸ್ತ ಎಂದು ಬರೆದು ಅದರ ಕೆಳಗೇ ತಾತನ ಕಾಲದ ಜಾತಿಯನ್ನೂ ತುಂಬಿಸುತ್ತಾರೆ, ಆಮೇಲೆ ಭಾನುವಾರ ಕರ್ತನ ಭೋಜನದಲ್ಲಿ ಎಲ್ಲರ ಜೊತೆ ಒಂದೇ ಪಾತ್ರೆಯಲ್ಲಿ ಕುಡಿಯುತ್ತಾರೆ. ನಿನ್ನದರಲ್ಲಿ ಆ ಜಾಗ ಖಾಲಿ ಇರಲಿ ಎಂದು ಅಮ್ಮನ ಹತ್ತಿರ ಮಾತಾಡಿದ್ದೇನೆ. ಅವಳು ಇನ್ನೂ ಪೂರ್ತಿ ಒಪ್ಪಿಲ್ಲ, ಅಜ್ಜಿ ಏನಂತಾರೋ ಎನ್ನುತ್ತಿದ್ದಾಳೆ. ನೀನೂ ಒಮ್ಮೆ ಫೋನ್ ಮಾಡಿ ಹೇಳು.

ಇಂತಿ,
ಅಪ್ಪ